ಕಾಣದ ಕಾಕಾನನ್ನು ನಮ್ಮ ಶೆಡ್ಡಿಗೆ ಕಳುಹಿಸಿಕೊಟ್ಟ ಸಾಹೇಬರಿಗೆ

ಹಡಪಸರದ ‘ಹಸ್ತಸೇತು’ ಸಂಸ್ಥೆಯಲ್ಲಿ ದೂರದ ಸ್ವಯಂಸೇವಕರನ್ನು ಸಂಭಾಳಿಸುವ ಮಹಾಜವಾಬ್ದಾರಿ ಹೊತ್ತಿರುವ ಮಾನ್ಯ ಸುಖೇಶ್ ಅವರಿಗೆ, ಅದೇ ಹಡಪಸರದಲ್ಲಿ ಏಳುತ್ತಿರುವ ಹನ್ನೊಂದು ಮಹಡಿಯ ಕಟ್ಟಡದ ಬುಡದ ತಗಡಿನ ಶೆಡ್ಡುಗಳಿಂದ, ಕೂಲಿಗಳ ಮುಕಾದಮ ತಾಯಪ್ಪ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ, ತಾವು, ತಮ್ಮ ಕಂಪ್ಯೂಟರು, ಅದಕ್ಕೆ ಸೆಕೆಯಾಗದಂತೆ ತಂಪು ಊದುವ ಯಂತ್ರ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅಕ್ಷರ ಒರಟಾಗಿದ್ದರೆ ಕ್ಷಮಿಸಬೇಕು. ಮಾತು ಒರಟಾಗಿದ್ದರೆ ಕ್ಷಮಿಸುವ ತೊಂದರೆ ಬೇಡ, ಅದು ಬೇಕೆಂದೇ ಬರೆದದ್ದು. ಈ ಮರಾಠಿ ಸೀಮೆಯಲ್ಲಿ ತಾವೂ ಕನ್ನಡದವರೇ ಆದ್ದರಿಂದ ಕನ್ನಡದಲ್ಲಿ ಬರೆದಿದ್ದೇನೆ, ನಾಲ್ಕು ಜನ ಓದಲೆಂದು ಇಲ್ಲಿನ ನಮ್ಮ ಕನ್ನಡ ಸಂಘದ ಪತ್ರಿಕೆಗೂ ಕೊಟ್ಟಿದ್ದೇನೆ.

ಹೋದ ವರ್ಷ, ಎರಡು ಸಾವಿರದ ಆರರ ದಸರೆಯ ಮರುವಾರ, ತಾವು ನಮ್ಮಲ್ಲಿಗೆ ಬಂದು, ದುಬೈ ಅಮೆರಿಕಗಳಲ್ಲಿ ಕುಳಿತ ದೊಡ್ಡ ಮನಸ್ಸಿನವರು ಮನೆಯಿಂದ ಏಳದೆ, ಕಾಲಿಗೆ ಚಪ್ಪಲಿ ಮೆಟ್ಟದೆ, ಇಂಟರ್ನೆಟ್ಟಿನಲ್ಲೇ ನಿಮ್ಮ ಮಕ್ಕಳಿಗೆ ಪಾಠ ಹೇಳುತ್ತಾರೆಂದಿರಿ. ಕೆಸರು ತುಳಿಯದೆ ಕೆಸರಿನವರ ಸೇವೆ ಮಾಡುವ ವಿದ್ಯೆ ಕಂಡು ನಾನು ಬೆರಗಾದೆ. ಸುಳ್ಳು ಹೇಳಬಾರದು, ಇಂದೂ ಎಂಬ ಹೆಣ್ಣುಮಗಳೊಬ್ಬರು ಎಲ್ಲಿಂದಲೋ ಕಳುಹಿಸುತ್ತಿದ್ದ ಗಣಿತದ ಪಾಠ ಓದಿ ನಮ್ಮ ಹುಡುಗಿಯೊಬ್ಬಳು, ಮೆಟ್ಟಿಲಿನ ಎತ್ತರ ಹಾಕುವಲ್ಲಿ ಮೂವತ್ತು ವರ್ಷದ ಗೌಂಡಿಯಾದ ನನ್ನದೇ ತಪ್ಪು ಹಿಡಿದಳು. ಆ ದಿನ ಶೆಡ್ಡಿಗೆಲ್ಲ ಚಹಾ ಕುಡಿಸಿದವನು ನಾನೇ.

ಆ ಹುಡುಗಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೇಕಿದ್ದವರು ತಮ್ಮ ಎಪ್ಪತ್ತೇಳನೆಯ ನಂಬರಿನ ಸ್ವಯಂಸೇವಕರನ್ನು ಕೇಳಬಹುದು. ಅವರಿಗೆ ಹೆಸರೂ ಗೊತ್ತು, ಶೆಡ್ಡೂ ಗೊತ್ತು, ತಾಯಿ ಎಷ್ಟು ಗಂಟೆಗೆ ಕೆಲಸಕ್ಕೆ ಹತ್ತುತ್ತಾಳೆ, ಎಷ್ಟಕ್ಕೆ ಇಳಿಯುತ್ತಾಳೆ ಎಂಬುದೂ ಗೊತ್ತು.

ಅದು ಅವರಿಗೆ ಗೊತ್ತಾದದ್ದು ನನ್ನ ವಹಿಯಿಂದ. ಮಕ್ಕಳ ಪಟ್ಟಿ ಬೇಕೆಂದು ತಾವು ಕೇಳಿದಾಗ ನಾನು ಮಂಗ, ನನ್ನ ಹಾಜರಿ ವಹಿಯನ್ನೇ ಕೊಟ್ಟೆ. ಮೇಲಿನಿಂದ ಯಾರಾದರೂ ಬಿದ್ದರೆ, ಶೆಡ್ಡಿಗೆ ಬೆಂಕಿ ಹತ್ತಿದರೆ ಯಾರ ಕೂಸು ಎಲ್ಲಿ ಒಂಟಿಯಾಗಿದೆ ಎಂದು ತಿಳಿಯಲು ಮುಕಾದಮನಾದವನು ಬರೆದಿಡುವ ವಹಿ ಅದು. ತಾವು ಅದರ ಪುಟಪುಟದ ಫೋಟೋ ತೆಗೆದು, ಟೈಪು ಮಾಡಿಕೊಡಿರೆಂದು, ತಾವೇ ಕಣ್ಣಿನಿಂದ ಕಾಣದ ಒಬ್ಬ ಮನುಷ್ಯನಿಗೆ ಕಳುಹಿಸಿದಿರಿ. ಕೊಟ್ಟದ್ದು ನನ್ನ ತಪ್ಪು. ಅದನ್ನು ಹೊತ್ತು ತಿರುಗುತ್ತಿದ್ದೇನೆ. ತಮ್ಮದನ್ನು ಹೊರಲು ಸ್ವಯಂಸೇವಕರು ಸಿಕ್ಕರೇ?

ನಮ್ಮಲ್ಲಿ ಒಂದು ದಡ್ಡ ಪದ್ಧತಿ ಇದೆ. ಹೊಸ ಕೂಲಿಯವನು ಬಂದರೆ ಯಾವ ಊರು, ಯಾರ ಪೈಕಿ ಎಂದು ಕೇಳಿ, ಇವನಿಗೆ ನಾನಿದ್ದೇನೆ ಎಂದು ಒಬ್ಬರು ಎದ್ದು ನಿಲ್ಲುವ ತನಕ ಒಳಗೆ ಚಾಪೆ ಹಾಸಗೊಡುವುದಿಲ್ಲ. ಆಮೇಲೆ ಅವನು ಹಲ್ಕಟ್ ಕೆಲಸ ಮಾಡಿದರೆ, ನಿಂತವನೂ ಅವನ ಜೊತೆಗೇ ಗಂಟು ಕಟ್ಟಬೇಕು. ತಮ್ಮದು ಸುಧಾರಿಸಿದ ಪದ್ಧತಿ. ‘ನನ್ನ ಮೇಲೆ ಯಾವ ಕೆಟ್ಟ ದಾಖಲೆಯೂ ಇಲ್ಲ’ ಎಂಬ ಫಾರ್ಮಿನ ಚೌಕದಲ್ಲಿ ಸ್ವಯಂಸೇವಕನೇ ಒಂದು ಗೆರೆ ಎಳೆದರೆ ಮುಗಿಯಿತು. ಯೇರವಡಾ ಜೈಲಿನಲ್ಲೂ ಇದನ್ನೇ ಜಾರಿಗೆ ತಂದರೆ ಸರಕಾರಕ್ಕೆ ಒಂದು ಇಡೀ ಜೈಲು ಖಾಲಿಯಾಗಿ ಸಿಗುತ್ತಿತ್ತು.

ಹೋದ ತಿಂಗಳು ನಾವು ಆರನೆಯ ಸ್ಲ್ಯಾಬು ಹಾಕಿದೆವು. ಸ್ಲ್ಯಾಬಿನ ದಿನ ಕೆಲಸ ಮುಗಿಯುವ ತನಕ ಯಾರೂ ಕೆಳಗಿಳಿಯುವಂತಿಲ್ಲ. ಮಧ್ಯಾಹ್ನ ಮೂರಕ್ಕೆ ರಿಕ್ಷಾದಿಂದ ಇಳಿದ ಇಸ್ತ್ರಿ ಅಂಗಿಯ ಮನುಷ್ಯ, ಯಾರನ್ನೂ ದಾರಿ ಕೇಳದೆ, ಗೊಂಬೆಯ ಚೀಲ ಹಿಡಿದು ನೇರ ಆ ಶೆಡ್ಡಿನ ಬಾಗಿಲಿಗೇ ಹೋಗಿ ಹುಡುಗಿಯ ಹೆಸರು ಹಿಡಿದು ಕರೆದ. ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದ ಮುದುಕಿ ಸಾಬವ್ವ, “ಯಾರ ಪೈಕಿ ಅಪಾ ನೀ?” ಎಂದಳು. ತಾನು ಹುಡುಗಿಯ ಆನ್‌ಲೈನ್ ಕಾಕಾ ಎಂದ. “ಅದು ಯಾವ ತಾಲೂಕಿನಾಗ ಬರ್ತದ? ಅಲ್ಲಿ ಕಾಕಾಗೋಳು ತಾಯಿ ಇಲ್ಲದ ಹೊತ್ತು ನೋಡೇ ಬರ್ತಾರೇನು?” ಎಂದು ಸಾಬವ್ವ ಮೊರ ಬಿಟ್ಟು ಕಸಬರಿಗೆ ಎತ್ತಿದ ಮೇಲೆ ಕಾಕಾ ಗೊಂಬೆಯನ್ನೂ ಬಿಟ್ಟು ಓಡಿದ.

ತಮ್ಮ ಆಫೀಸಿಗೆ ಬಂದು ಹೇಳಿದೆ. “ಟೆನ್ಶನ್ ಮಾಡ್ಬೇಡಿ ಅಜ್ಜ, ಏನೂ ಆಗಿಲ್ವಲ್ಲ. ಅವರ ಪ್ರೊಫೈಲ್ ತುಂಬಾ ಚೆನ್ನಾಗಿದೆ” ಎಂದಿರಿ. ಹೌದು, ಏನೂ ಆಗಿಲ್ಲ. “ಓದು ಸುಡುಗಾಡಿಗಿ ಹೋಗ್ಲಿ ಮುಕಾದಮಣ್ಣ, ನನ್ನ ಕಣ್ಣಮುಂದ ಇರ್ಲಿ” ಎಂದು ತಾಯಿ ಮಗಳನ್ನು ತಮ್ಮ ಪಾಠದಿಂದಲೂ, ಶಾಲೆಯಿಂದಲೂ ಬಿಡಿಸಿ ಕೆಲಸಕ್ಕೆ ಕರೆತರುತ್ತಿದ್ದಾಳೆ, ಅಷ್ಟೆ. ಹನ್ನೆರಡು ವರ್ಷದ ಕೂಸನ್ನು ಕೆಲಸಕ್ಕೆ ಹಚ್ಚಬಾರದೆಂದು ಗದರಿಸಿದೆ, “ಹಂಗಾದ್ರ ನೀ ಕಾಯ್ತೀ ಏನು?” ಎಂದಳು. ವಹಿ ಕೊಟ್ಟವನು ನಾನೇ ಅಲ್ಲವೇ, ಆಕೆಯ ಹಾಜರಿ ಹಾಕಿಕೊಂಡು ಕೆಳಗಿಳಿದೆ. ಮಾರ್ಚಿಗೆ ಹುಡುಗಿಯ ಏಳನೆಯ ಇಯತ್ತೆಯ ಪರೀಕ್ಷೆ ಇದೆ.

ಆದ್ದರಿಂದ ಕೆಲವು ವಿನಂತಿಗಳು. ಎಪ್ಪತ್ತೇಳನೆಯವರ ಕಂಪ್ಯೂಟರಿನಿಂದ ಆ ಪಟ್ಟಿಯನ್ನು ಅಳಿಸುವಾಗ ಅವರ ತಲೆಯೊಳಗಿಂದಲೂ ಅಳಿಸಬೇಕು. ತಮ್ಮಲ್ಲಿ ಎಲ್ಲದಕ್ಕೂ ಬಟನ್ ಇದೆಯಂತೆ. ಸಾಬವ್ವನನ್ನು ಸುರಕ್ಷತಾ ವಿಭಾಗದ ಮುಖ್ಯಸ್ಥೆಯಾಗಿ ನೇಮಿಸಬೇಕು. ಆಕೆಯ ಕಸಬರಿಗೆಗೆ ಪಾಸ್‌ವರ್ಡ್ ಬೇಡ. ಇನ್ನು ಮುಂದೆ ಹೊರಗಿನವರು ಬರೆದದ್ದು ಮೊದಲು ತಮ್ಮಲ್ಲಿ ಇಬ್ಬರ ಕಣ್ಣಿಗೆ ಬಿದ್ದು ಆಮೇಲೆ ಮಕ್ಕಳ ಕೈಗೆ ಹೋಗಬೇಕು, ಮಕ್ಕಳ ಪೂರ್ತಿ ಹೆಸರು, ಮನೆ ಯಾರಿಗೂ ಹೋಗಬಾರದು. ಇದಕ್ಕೆ ಅಮೆರಿಕದ ಬುದ್ಧಿ ಬೇಕಾಗಿಲ್ಲ, ನಮ್ಮ ಶೆಡ್ಡಿನ ನಾಯಿಗಿರುವಷ್ಟು ಸಾಕು.

ಕೊನೆಯದೊಂದು. ತಾವು ಕಳುಹಿಸಿದ ಕ್ಷಮಾಪಣೆಯ ಇ-ಮೇಲಿನ ಪ್ರತಿ ತಲುಪಿತು. ‘ಪ್ರಿಯ ಫಲಾನುಭವಿ’ ಎಂದು ಆರಂಭವಾಗುವ ಅದನ್ನೂ ಯಾರೋ ದೂರದ ಸ್ವಯಂಸೇವಕರೇ ಬರೆದರೆಂದು ಅದನ್ನು ತಂದುಕೊಟ್ಟ ತಮ್ಮ ಆಫೀಸಿನ ಸಿಪಾಯಿ ಅಂದ. ತಾಯಿಗೆ ಓದಿ ಹೇಳಿದೆ. ಆಕೆಗೆ ಕಾಗದ ಬೇಡವಂತೆ, ಎದುರಿಗೆ ನಿಲ್ಲಿಸಿಕೊಂಡು ಬೈಯಲು ಒಂದು ಮುಖ ಬೇಕಂತೆ. ಬೈದು ಮುಗಿದ ಮೇಲೆ ಮಗಳನ್ನು ಕಳುಹಿಸುವ ಮಾತು ತೆಗೆದರೂ ತೆಗೆಯಬಹುದು. ತಮ್ಮ ಆಫೀಸಿನಿಂದ ಇಲ್ಲಿಗೆ ಬಸ್ಸಿನ ಎರಡೇ ಸ್ಟಾಪು.

ಇಷ್ಟಾದರೂ ತಮ್ಮ ವಿಶ್ವಾಸಿ ಎಂದೇ ಬರೆಯಬೇಕಂತೆ, ಬರೆದಿದ್ದೇನೆ,
ತಾಯಪ್ಪ, ಮುಕಾದಮ

ತಾ.ಕ.: ವಾರ್ಷಿಕ ವರದಿಯ ಮುಖಪುಟಕ್ಕೆ ಅದೇ ಹುಡುಗಿಯ ನಗುಮುಖದ ಫೋಟೋ ಬೇಕೆಂದು ನಿನ್ನೆ ಹೇಳಿಕಳುಹಿಸಿದ್ದೀರಿ. ಬೆಳಿಗ್ಗೆ ಎಂಟರಿಂದ ಆರನೆಯ ಮಹಡಿಯಲ್ಲಿ ಸಿಗುತ್ತಾಳೆ. ತಲೆಯ ಮೇಲೆ ಆರು ಇಟ್ಟಿಗೆ ಇರುವಾಗ ಕತ್ತು ತಿರುಗಿಸಲು ಬರುವುದಿಲ್ಲ. ಆದ್ದರಿಂದ ಫೋಟೋ ತೆಗೆಯುವವರು ತಾವೇ ಮೆಟ್ಟಿಲು ಹತ್ತಿ ಬಂದು, ಅವಳ ಎದುರಿಗೆ ನಿಲ್ಲಬೇಕಾಗುತ್ತದೆ.