ಇಪ್ಪತ್ತೆರಡನೇ ಫಾರಂ

ಮೂವತ್ತು ವರ್ಷ ಪುಸ್ತಕಗಳ ಬೆನ್ನು ಕಟ್ಟಿದ ಬೈಂಡರ್ ಒಂದು ಪುಸ್ತಕದ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ಇದೇ ಮೊದಲು. ಪುಸ್ತಕದ ಮೇಲೂ ಅಲ್ಲ, ಅದರೊಳಗಿದ್ದ ಇನ್ಸ್‌ಪೆಕ್ಟರ್ ಮೇಲೆ. ಆ ಮಹಾನುಭಾವ ಸ್ವೀಡನ್ನಿನವನು. ತಿಂಗಳುಗಟ್ಟಲೆ ಬಿಸಿಲು ಕಾಣದ ಊರಿನಲ್ಲಿ, ಹಿಮದಡಿ ಸಿಕ್ಕ ಹೆಣಗಳ ಹಿಂದೆ ಬಿದ್ದವನು. ಹೆಂಡತಿ ಬಿಟ್ಟುಹೋಗಿದ್ದಾಳೆ, ಕಾಫಿಯನ್ನು ತಣ್ಣಗೆ ಆರಿಸಿಯೇ ಕುಡಿಯುತ್ತಾನೆ, ಮೂರು ಪುಟಕ್ಕೊಮ್ಮೆ ನಿಟ್ಟುಸಿರು ಬಿಡುತ್ತಾನೆ. (ಬೈಂಡರ್ ಕೂಡ ನಿಟ್ಟುಸಿರು ಬಿಡುತ್ತಾನೆ, ಅದಕ್ಕೆ ಮನೆಯಲ್ಲಿ ಗ್ಯಾಸ್ ಟ್ರಬಲ್ ಎಂಬ ಹೆಸರಿದೆ.)

ತಪ್ಪು ಬೈಂಡರನದೇ. ಲೈಬ್ರರಿಯಿಂದ ಬೆನ್ನು ಮುರಿದು ಬಂದ ಆ ಪತ್ತೇದಾರಿ ಕಾದಂಬರಿಯನ್ನು ಬಿಚ್ಚಿ, ಹದಿನಾರು ಪುಟದ ಒಂದೊಂದು ಕಂತೆಯಾಗಿ, ಅಂದರೆ ಕಸುಬಿನ ಮಾತಿನಲ್ಲಿ ಒಂದೊಂದು ಫಾರಂ ಆಗಿ, ಮನೆಯ ಮುಂದಿನ ಕೋಣೆಯ ಮೇಜಿನ ಮೇಲೆ ಜೋಡಿಸಿಟ್ಟಿದ್ದ. ಚಹಾ ತಂದ ಹೆಂಡತಿ ಮೊದಲನೇ ಫಾರಂ ಎತ್ತಿಕೊಂಡು ನಿಂತಲ್ಲೇ ಓದಿದಳು. ಎರಡನೆಯದನ್ನು ಕೂತು ಓದಿದಳು. ಆರನೆಯದರ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿ ನೆಲ ಸೇರಿತ್ತು.

ಅವನ ಹೊಟ್ಟೆ ಉರಿದದ್ದು ಹಾಲಿಗಲ್ಲ. ಸಂಜೆ ನಾಲ್ಕರ ಚಹಾದ ಹೊತ್ತು ಇಷ್ಟು ವರ್ಷ ಅವನದಾಗಿತ್ತು. ಎದುರು ಮನೆಯ ಜಗಳದಿಂದ ಹಿಡಿದು ತಂಗಿಯ ಹೊಸ ಫ್ರಿಜ್ಜಿನವರೆಗೆ ಎಲ್ಲವನ್ನೂ ಅವಳು ಹೇಳುತ್ತಿದ್ದಳು, ಅವನು ಸೂಜಿ ಆಡಿಸುತ್ತ ‘ಹೂಂ’ ಎನ್ನುತ್ತಿದ್ದ. ಈಗ ಅವಳು ಫಾರಂನಿಂದ ತಲೆ ಎತ್ತದೆ ‘ಹೂಂ’ ಎನ್ನುತ್ತಾಳೆ. ಆ ‘ಹೂಂ’ ಎಷ್ಟು ಪೊಳ್ಳೆಂದು ಅವನಿಗೆ ಮೊದಲ ಬಾರಿ ಗೊತ್ತಾಯಿತು. ಸಾಲದ್ದಕ್ಕೆ ಒಂದು ದಿನ, “ಪಾಪ ರೀ, ಆ ಮನುಷ್ಯನಿಗೆ ಮಾತಾಡೋಕೆ ಯಾರೂ ಇಲ್ಲ,” ಎಂದು ಕಣ್ಣೊರೆಸಿಕೊಂಡಳು. ನನಗೆ ಯಾರಿದ್ದಾರೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. (ಕೇಳಿದ್ದರೂ ‘ಹೂಂ’ ಎನ್ನುತ್ತಿದ್ದಳು.)

ಹೊಟ್ಟೆಯುರಿ ತಾಳಲಾರದೆ ಬೈಂಡರ್ ಘನಘೋರ ಅಪರಾಧಕ್ಕೆ ಕೈಹಾಕಿದ. ಅವಳು ಇಪ್ಪತ್ತನೆಯದರಲ್ಲಿ ಮುಳುಗಿದ್ದಾಗ, ಕೊಲೆಗಾರ ಸಿಕ್ಕಿಬೀಳುವ ಕೊನೆಯ ಫಾರಂ, ಇಪ್ಪತ್ತೆರಡನೆಯದನ್ನು ಎತ್ತಿ ಅಂಟಿನ ಡಬ್ಬಿಗಳ ಹಿಂದೆ ಬಚ್ಚಿಟ್ಟ. ಅವಳು ಬಂದು ಕೇಳಿದಾಗ, ಲೈಬ್ರರಿಯಲ್ಲೇ ಯಾರೋ ಹಾರಿಸಿರಬೇಕು ಎಂದು ಮುಖ ಗಂಟು ಹಾಕಿಕೊಂಡು ಹೇಳಿದ.

ಅವಳು ಕೂಗಾಡಲಿಲ್ಲ. ಹೌದಾ ಎಂದಳು, ಅಷ್ಟೆ. ಮರುದಿನ ನಾಲ್ಕಕ್ಕೆ ಚಹಾ ತಂದು ಎದುರಿಗೆ ಕೂತು ಅವನನ್ನೇ ನೋಡಿದಳು. ಆ ನೋಟಕ್ಕೆ ಅವನ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಅವಳ ಮಂಡಿ ನೋವು ಹೇಗಿದೆ ಎಂದು ಕೇಳಿದ, ಫ್ರಿಜ್ಜಿನ ಬಣ್ಣ ವಿಚಾರಿಸಿದ, ಲೋಟ ತಾನೇ ತೊಳೆದ. ಮೂರು ದಿನ ಇದೇ ನಡೆಯಿತು. ಇನ್ಸ್‌ಪೆಕ್ಟರಿಗೆ ಮಣ್ಣು ಮುಕ್ಕಿಸಿದೆ ಎಂದು ಒಳಗೊಳಗೇ ಬೀಗಿದ.

ನಾಲ್ಕನೇ ದಿನ ಅವಳು ಚಹಾದ ಪಕ್ಕ ಒಂದು ಚೀಟಿ ಇಟ್ಟಳು. ಅವನದೇ ದುಂಡು ಅಕ್ಷರ: ‘ಫಾರಂ 22. ಲೈಬ್ರರಿ ಪತ್ತೇದಾರಿ. ಬಚ್ಚಿಟ್ಟದ್ದು.’ ಬಿಡಿ ಫಾರಂ ಎಲ್ಲಿಟ್ಟರೂ ಅದಕ್ಕೊಂದು ಚೀಟಿ ಸಿಕ್ಕಿಸುವುದು ಅವನ ಮೂವತ್ತು ವರ್ಷದ ಶಿಸ್ತು. ಕೈ ತನ್ನಷ್ಟಕ್ಕೆ ತಾನೇ ಬರೆದಿತ್ತು.

“ಕದ್ದ ಮಾಲಿಗೂ ಚೀಟಿ ಬರೀತಾರೇನ್ರಿ?” ಎಂದಳು.

“ಯಾವಾಗ ಸಿಕ್ತು?”

“ನಾನು ಕೇಳಿದ ದಿನವೇ. ನೀವು ಸ್ನಾನಕ್ಕೆ ಹೋದಾಗ ಓದಿ ಮುಗಿಸಿ ಅಲ್ಲೇ ಇಟ್ಟೆ.”

“ಮತ್ತೆ ಇಷ್ಟು ದಿನ ಸುಮ್ಮನಿದ್ದದ್ದು?”

“ಆ ಇನ್ಸ್‌ಪೆಕ್ಟರ್ ಹಾಗೇ ಮಾಡೋದು. ಎದುರಿಗೆ ಕೂತು ಸುಮ್ಮನೆ ನೋಡ್ತಾನೆ, ತಪ್ಪು ಮಾಡಿದವನು ತಾನಾಗೇ ಮಾತಾಡ್ತಾನೆ.” ಅವಳ ದನಿ ಮೆತ್ತಗಾಯಿತು. “ನೀವು ಅಷ್ಟು ಮಾತಾಡಿ ಎಷ್ಟು ವರ್ಷ ಆಗಿತ್ತು. ಇನ್ನೊಂದೆರಡು ದಿನ ನಡೀಲಿ ಅಂತ ಆಸೆಯಾಯ್ತು.”

ಬೈಂಡರ್ ಚೀಟಿ ಮಡಚಿ ಜೇಬಿಗಿಟ್ಟ. ಇನ್ನು ಮೇಲೆ ದಿನಾ ಮಾತಾಡುತ್ತೇನೆ ಎಂದು ಹೇಳಬೇಕೆನ್ನುವಷ್ಟರಲ್ಲಿ ಲೈಬ್ರರಿಯನ್ ಎರಡೂ ಕೈಯಲ್ಲಿ ಪುಸ್ತಕದ ಕಟ್ಟು ಹಿಡಿದು ಬಾಗಿಲಿಗೆ ಬಂದ. ಅಮ್ಮಾವ್ರು ಹೇಳಿ ಕಳಿಸಿದ್ದರಂತೆ. ಅದೇ ಇನ್ಸ್‌ಪೆಕ್ಟರನ ಇನ್ನೂ ಒಂಬತ್ತು ಭಾಗ, ಒಂದರ ಬೆನ್ನೂ ನೆಟ್ಟಗಿರಲಿಲ್ಲ.

ಮರುದಿನ ಬೈಂಡರ್ ಎರಡನೇ ಭಾಗವನ್ನು ಬಿಚ್ಚಿ ಜೋಡಿಸುವಾಗ ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಕೊನೆಗೆ ತಾನೇ ಒಂದು ಚೀಟಿ ಬರೆದು ಕಂತೆಯ ಮೇಲಿಟ್ಟಳು: ‘ಇಪ್ಪತ್ತನಾಲ್ಕು ಫಾರಂ. ಎಣಿಸಿದ್ದೇನೆ.’ ಆಮೇಲೆ ಮೊದಲನೆಯದನ್ನು ಎತ್ತಿಕೊಂಡಳು.

ಬೈಂಡರ್ ಸೂಜಿ ಕೆಳಗಿಟ್ಟು, ಕೊಟ್ಟ ಮಾತಿನಂತೆ ಅಲ್ಲದಿದ್ದರೂ ಕೊಡಬೇಕೆಂದಿದ್ದ ಮಾತಿನಂತೆ, ಇವತ್ತು ಮಂಡಿ ನೋವು ಹೇಗಿದೆ ಎಂದು ಕೇಳಿದ.

“ಹೂಂ,” ಎಂದಳು.