ಎಂಜಿನ್ ಇಲ್ಲದ ವಿಮಾನವೂ ನಮ್ಮ ಮಾವ್ಶಿಯೂ

ನಮ್ಮ ಮಾವ್ಶಿಗೆ ಲಿಫ್ಟ್ ಕಂಡರೆ ಭಯ, ಎಂಜಿನ್ ಇಲ್ಲದ ವಿಮಾನ ಕಂಡರೆ ಪ್ರಾಣ! ನಂಬುತ್ತೀರಾ? ಈಕೆ ನನ್ನ ಅಮ್ಮನ ತಂಗಿ, ಮಂಗಳೂರಿನವಳು. ದುಬೈಯ ಆಸ್ಪತ್ರೆಯೊಂದರಲ್ಲಿ ನಿವೃತ್ತಿಯ ಅಂಚಿನಲ್ಲಿರುವ ನರ್ಸು. ಅಲ್ಲಿನದೇ ಬಡಾವಣೆ ಸಿಲಿಕಾನ್ ಓಯಸಿಸ್‌ನ ಐದನೇ ಮಹಡಿಯ ಮನೆಗೆ ಅಕ್ಕಿ ಚೀಲ ಹೊತ್ತಾದರೂ ಮೆಟ್ಟಿಲನ್ನೇ ಹತ್ತುವವಳು.

ಹುಚ್ಚು ಹಿಡಿಸಿದ್ದು ಅವಳ ವಾರ್ಡಿನ ಪೋಲೆಂಡಿನ ಅಜ್ಜಿ. ಮಗನನ್ನು ನೋಡಲು ಬಂದು ಸೊಂಟ ಮುರಿದುಕೊಂಡವರು. ಅವರ ತಾಯಿ ಎರಡನೇ ಮಹಾಯುದ್ಧಕ್ಕೂ ಮೊದಲೇ ಗ್ಲೈಡರ್ ಎಂಬ ಈ ಎಂಜಿನ್ ಇಲ್ಲದ ವಿಮಾನ ಹಾರಿಸಿದ್ದರಂತೆ. ಗುಡ್ಡದ ನೆತ್ತಿಯಲ್ಲಿ ರಬ್ಬರ್ ಹಗ್ಗ ಕಟ್ಟಿ, ಕವಣೆಯ ಕಲ್ಲಿನ ಹಾಗೆ ಆಕಾಶಕ್ಕೆ ಬಿಡುವುದು! ಗಂಡಸರು, "ನೀನು ರೆಕ್ಕೆಯ ಬಟ್ಟೆ ಹೊಲಿ, ಸಾಕು" ಎಂದರಂತೆ. ಹೊಲಿದರು. ಹೊಲಿದದ್ದನ್ನೇ ಹತ್ತಿ ಕೂತರು!

"ಮೇಲೆ ಹೇಗಿರ್ತದೆ ಅಂತ ಕೇಳಿದ್ರೆ ಅಮ್ಮ, 'ಹೋಗಿ ನೋಡು' ಅಂತಿದ್ದಳು. ನಾನು ಹೆದರಿ ಹೋಗಲೇ ಇಲ್ಲ" ಎಂದು ಅಜ್ಜಿ ಅತ್ತರಂತೆ.

"ಅಳ್ಬೇಡಿ, ನಾನು ನೋಡಿ ಬರ್ತೇನೆ" ಎಂದಳು ಮಾವ್ಶಿ, ಮೀನು ಮಾರ್ಕೆಟ್ಟಿಗೆ ಹೊರಟವಳಂತೆ.

ನನ್ನ ಮಗಳು ಕಿರುಚಿದಳು: "ಗ್ರ್ಯಾನೀ, ಇಟ್ ಹ್ಯಾಸ್ ನೋ ಎಂಜಿನ್!"

"ನಿನ್ನ ಅಜ್ಜನಿಗೂ ಇಲ್ಲ ಮಾರಾಯ್ತಿ. ಇಷ್ಟು ವರ್ಷ ನಾನು ಓಡಿಸ್ಲಿಲ್ವಾ?"

ಸೋಫಾದಲ್ಲಿದ್ದ ಮಾವ್ಶಿಯ ಗಂಡ ಪೇಪರಿನ ಹಿಂದೆ ಇನ್ನಷ್ಟು ಮರೆಯಾದರು.

ಮರುಭೂಮಿಯ ಹಾರಾಟದ ಕ್ಲಬ್ಬಿನವನು ಬಿಪಿ ನೋಡಿದ. "ಮೇಡಂ, ಹೈ ಇದೆ. ಫ್ಲೈಯಿಂಗ್ ಮಾಫಿ, ಹಾರಾಟ ಇಲ್ಲ!"

"ಮಾಫಿಯಾ? ನೋಡುವ!" ಎಂದವಳು ಅಂದೇ ಒಣಮೀನು ಬಿಟ್ಟಳು. ಮಂಗಳೂರಿನ ಹೆಂಗಸು ಒಣಮೀನು ಬಿಡುವುದೆಂದರೇನು, ಸಂನ್ಯಾಸವೇ ಅಲ್ಲವೇ! ಎರಡನೇ ಸಲ ಬಿಪಿ ಇಳಿದಿತ್ತು, ಆದರೆ ಮರಳುಗಾಳಿ ಎದ್ದು ಹಾರಾಟವೇ ರದ್ದಾಗಿತ್ತು. ಅಷ್ಟರಲ್ಲಿ ಅಜ್ಜಿಯನ್ನು ಊರಿಗೆ ಕರೆದೊಯ್ಯುವುದು ನಿಶ್ಚಯವಾಯಿತು. ಅಜ್ಜಿ ಹೊರಡುವ ಹಿಂದಿನ ದಿನ ಮಾವ್ಶಿ ಮತ್ತೆ ಹೊರಟಳು: "ಯಲ್ಲಾ, ನಡಿ, ಗಾಡಿ ತೆಗಿ!"

ಪುಟ್ಟ ವಿಮಾನವೊಂದು ಅವಳ ಗ್ಲೈಡರನ್ನು ಎಳೆದೊಯ್ದಿತು, ಎತ್ತರದಲ್ಲಿ ಹಗ್ಗ ಕಳಚಿತು. ಮುಂದೆ ಮಾವ್ಶಿ, ಹಿಂದೆ ಪೈಲಟ್. ಕೆಳಗೆ ಅವಳ ಗಂಡ ಕಣ್ಣು ಮುಚ್ಚಿ ಜಪಮಾಲೆ ತಿರುಗಿಸುತ್ತಿದ್ದರು.

ಇಳಿದು ಬಂದ ಮಾವ್ಶಿಯ ಬಾಯಲ್ಲಿ ಮಾತೇ ಇಲ್ಲ! "ಎಂತ ಆಯ್ತನಾ ಇವಳಿಗೆ?" ಎಂದು ಗಂಡ ಗಾಬರಿಯಾದರು. ಅವಳು ಕೈಸನ್ನೆ ಮಾಡಿ ಗಾಡಿಯನ್ನು ನೇರ ಆಸ್ಪತ್ರೆಗೆ ಬಿಡಿಸಿದಳು.

"ಹೇಗಿತ್ತು?" ಎಂದರು ಅಜ್ಜಿ.

ಮಾವ್ಶಿ ಹಾಸಿಗೆಯ ಅಂಚಿನಲ್ಲಿ ಕೂತಳು. ಅಜ್ಜಿಯ ಸಣಕಲು ಅಂಗೈಯನ್ನು ತನ್ನ ಅಂಗೈ ಮೇಲಿಟ್ಟು, ನಿಧಾನವಾಗಿ ಗಾಳಿಯಲ್ಲಿ ಎತ್ತಿದಳು. ಎಡಕ್ಕೆ ಓಲಿಸಿದಳು, ಬಲಕ್ಕೆ ಓಲಿಸಿದಳು, ತುಸು ಹೊತ್ತು ಹಾಗೇ ತೇಲಲು ಬಿಟ್ಟು, ಸದ್ದಾಗದಂತೆ ಹೊದಿಕೆಯ ಮೇಲೆ ಇಳಿಸಿದಳು.

ಅಜ್ಜಿ ಮುಚ್ಚಿಕೊಂಡಿದ್ದ ಕಣ್ಣುಗಳನ್ನು ತೆರೆಯಲಿಲ್ಲ. "ಇನ್ನೊಮ್ಮೆ" ಎಂದರು.

ಮಾವ್ಶಿ ಆ ಕೈಯನ್ನು ಮತ್ತೆ ಮೇಲಕ್ಕೆತ್ತಿದಳು.