ಏಳು ತಿಂಗಳ ಬುಟ್ಟಿ

ಬುಟ್ಟಿ ಹೆಣೆಯುವವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ಒಂದೇ ಬುಟ್ಟಿಯನ್ನು ಏಳು ತಿಂಗಳು ಹೆಣೆದ ಭೂಪ ಎಂದರೆ ನಮ್ಮಕ್ಕನ ಗಂಡ, ನನ್ನ ಭಾವ ಒಬ್ಬರೇ! ಹುಬ್ಬಳ್ಳಿಯವರು, ಜರ್ಮನಿಯ ಡ್ಯೂಸೆಲ್ಡಾರ್ಫ್‌ಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಕಾರಿನ ಗೇರ್‌ಬಾಕ್ಸನ್ನು ಕಣ್ಣುಮುಚ್ಚಿ ಜೋಡಿಸುವ ಎಂಜಿನಿಯರಿಗೆ ಒಂದು ಬುಟ್ಟಿ ಮುಗಿಯುವುದಿಲ್ಲ ಎಂದರೆ ಏನು ಹೇಳುವುದು?

ಮಾರ್ಚ್‌ನಲ್ಲಿ ಹತ್ತಿದ ಹುಚ್ಚು ಇದು. ಜಪಾನಿನ ಒಕಿನಾವಾದಿಂದ ಬಂದು ಇಲ್ಲೇ ನೆಲೆಸಿದ ಅಜ್ಜಿಯೊಬ್ಬರು ಪ್ರತಿ ಶನಿವಾರ ತಮ್ಮ ರ್ಯೂಕ್ಯು ದ್ವೀಪಗಳ ತಾಳೆಗರಿ ಬುಟ್ಟಿ ಕಲಿಸುತ್ತಾರೆ. ಅವರಿಗೆ ಜಪಾನಿ ಬಿಟ್ಟರೆ ಜರ್ಮನ್ನೇ ಗತಿ. "ನನಗ ಜರ್ಮನ್ ಎಲ್ಲಿ ಬರ್ತದವಾ? ಆಫೀಸಿನ್ಯಾಗ ಎಲ್ಲಾ ಇಂಗ್ಲಿಷು," ಎಂದು ಭಾವ ಮಗಳನ್ನೇ ದುಭಾಷಿಯಾಗಿ ಎಳೆದುಕೊಂಡು ಹೋದರು. ಮಗಳೋ, ಕೋಣೆಯ ಬಾಗಿಲನ್ನು ಊಟಕ್ಕೆ ಮಾತ್ರ ತೆರೆಯುವವಳು. ಅಪ್ಪ ಕನ್ನಡದಲ್ಲಿ ನಾಲ್ಕು ಮಾತು ಕೇಳಿದರೆ ಜರ್ಮನ್‌ನಲ್ಲಿ ಒಂದು ಹೇಳುವವಳು. ಅಕ್ಟೋಬರ್‌ಗೆ ಓದಲು ದೂರದ ಡಾರ್ಮ್‌ಸ್ಟಾಟ್‌ಗೆ ಹೊರಡುವವಳಿದ್ದಳು. "ಆಮ್ಯಾಲೆ ಆ ಒಂದು ಮಾತೂ ಇಲ್ಲ ನೋಡು," ಎಂದು ಭಾವ ನನ್ನೆದುರು ಅಂದಿದ್ದರು.

ಗರಿ ಮೆತ್ತಗಾಗಲೆಂದು ಬಾತ್‌ಟಬ್‌ನಲ್ಲಿ ನೆನೆಹಾಕಿದರು. "ನಾ ಎಲ್ಲಿ ಜಳಕಾ ಮಾಡ್ಲಿ, ಬಾಲ್ಕನ್ಯಾಗ?" ಎಂದು ಅಕ್ಕ ರೇಗಿದಳು. "ಎರಡ ದಿನ ತಡಿ, ಮೆತ್ತಗಾಗ್ತದ." ಗರಿ ಮೆತ್ತಗಾಯಿತು, ಅಕ್ಕ ಆಗಲಿಲ್ಲ!

ಗರಿ ಸಾಲದೆ ಪಕ್ಕದ ಮನೆಯ ಜರ್ಮನ್ ಅಜ್ಜಿಯ ತೋಟದ ತಾಳೆಯ ಮೇಲೆ ಕಣ್ಣು ಬಿತ್ತು. ಮಗಳು ಪಕ್ಕದಲ್ಲಿರುವಾಗಲೇ ಭಾವ ಗರಿ ಬೇಕೆಂದು ಅಂಗೈ ಅಗಲಿಸಿ ಬೀಸಣಿಗೆಯಂತೆ ಬೀಸಿ ತೋರಿಸಿದರು. ಪಾಪ, ಇವರಿಗೆ ಸೆಖೆಯಾಗುತ್ತಿದೆ ಎಂದುಕೊಂಡು ಅಜ್ಜಿ ತಣ್ಣೀರು ತಂದು ಕೊಟ್ಟರು. ಮಗಳು ಬಿದ್ದು ಬಿದ್ದು ನಕ್ಕು ವಿಷಯ ಬಿಡಿಸಿ ಹೇಳಿದಳು.

ಇಷ್ಟಾದರೂ ಬುಟ್ಟಿ? ಒಂದು ಶನಿವಾರ ಅಂಚಿನವರೆಗೆ ಬಂದರೆ ಮುಂದಿನ ಶನಿವಾರ ಮತ್ತೆ ತಳದಲ್ಲೇ! "ಎಲ್ಲೋ ತಪ್ಪಾಗ್ಯದ, ಬಿಚ್ಚಿದೆ," ಎನ್ನುವರು.

ಸೆಪ್ಟೆಂಬರ್‌ನಲ್ಲಿ ಒಮ್ಮೆ ನಾನೂ ಅವರ ಜೊತೆ ತರಗತಿಗೆ ಹೋದೆ. ಮಗಳು ಕೆಳಗೆ ಸೈಕಲ್ಲಿಗೆ ಬೀಗ ಹಾಕುತ್ತಿದ್ದಳು. ನಾನು ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದರೆ ಒಳಗೆ ಭಾವ ಬುಟ್ಟಿ ಅಜ್ಜಿಯ ಜೊತೆ ಹರಟುತ್ತಿದ್ದಾರೆ, ಜರ್ಮನ್‌ನಲ್ಲಿ, ನೀರು ಕುಡಿದಷ್ಟು ಸಲೀಸಾಗಿ! ಮಗಳ ಹೆಜ್ಜೆ ಸದ್ದು ಕೇಳಿದ್ದೇ ತಡ, ಮೂಗನಾದ ಮಹಾರಾಯರು "ಏನಂತಾರವಾ ಅಜ್ಜಿ?" ಎನ್ನಬೇಕೆ!

ಹಿಂತಿರುಗುವಾಗ ತಡೆಯಲಾರದೆ, ಅಪ್ಪನಿಗೆ ಜರ್ಮನ್ ಬರುತ್ತದೆಂದು ಹುಡುಗಿಯ ಕಿವಿಯಲ್ಲಿ ಉಸುರಿದೆ.

"ಗೊತ್ತದ ಮೌಶಿ. ನಾ ಸಣ್ಣಾಕಿದ್ದಾಗ ಸಾಲಿ ಮೀಟಿಂಗಿಗೆಲ್ಲಾ ಪಪ್ಪಾನೇ ಬಂದು ಜರ್ಮನ್‌ನ್ಯಾಗ ಮಾತಾಡ್ತಿದ್ರಲ್ಲ."

ಒಂದೂ ಜರ್ಮನ್ ಶಬ್ದ ಬೆರೆಸದೆ ಅವಳು ಹೀಗೆಂದದ್ದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಅವಳು ಹೊರಡುವ ದಿನ ಭಾವ ಅಂಚು ಕಟ್ಟಿ ಬುಟ್ಟಿಯನ್ನು ಅವಳಿಗೆ ಕೊಟ್ಟುಬಿಡಲು ಕೂತರು. ಮಗಳು ಕೈ ಹಿಡಿದುಕೊಂಡಳು. "ಕಟ್ಟಬ್ಯಾಡ ಪಪ್ಪಾ. ಎಲ್ಲೋ ತಪ್ಪಾಗ್ಯದ. ಕ್ರಿಸ್‌ಮಸ್‌ಗೆ ಬರ್ತೀನಿ, ಬಿಚ್ಚೋಣು."

ಭಾವ ಅಂಚಿನ ಗರಿಯನ್ನು ಕೆಳಗಿಟ್ಟರು.

ಡಿಸೆಂಬರ್‌ನಲ್ಲಿ ಅಕ್ಕ ಟವೆಲು ಹಿಡಿದು ಜಳಕಕ್ಕೆ ಪಕ್ಕದ ಬೀದಿಯ ನಮ್ಮ ಮನೆಗೆ ಬಂದಳು. ಅವರ ಬಾತ್‌ಟಬ್‌ನಲ್ಲಿ ಮತ್ತೆ ಗರಿ. ಈ ಸಲ ನೆನೆಹಾಕಿದವಳು ಅಕ್ಕನೇ.